ಖಾಲಿ ಗಾಡಿಯ ತೂಕ

ಮಂಡ್ಯದ ಸಕ್ಕರೆ ಕಾರ್ಖಾನೆಯ ಗೇಟಿನ ಪಕ್ಕ
ವೇಬ್ರಿಡ್ಜಿನ ಕೋಣೆಯಲ್ಲಿ ರಾತ್ರಿ ಪಾಳಿ ನನ್ನದು.
ಕಬ್ಬಿನ ಗಾಡಿ ಹಲಗೆ ಹತ್ತಿದರೆ ಒಂದು ಅಂಕಿ,
ಸುರಿದು ಬರಿದಾಗಿ ಹಿಂದಿರುಗಿದರೆ ಇನ್ನೊಂದು.
ಅದರಲ್ಲಿ ಇದು ಕಳೆದರೆ ಕಬ್ಬು.
ಇಪ್ಪತ್ತೆರಡು ವರ್ಷದಿಂದ ಇಷ್ಟೇ ಲೆಕ್ಕ.

ಎರಡು ಗಾಡಿಗಳ ನಡುವೆ, ರದ್ದಾದ ಚೀಟಿಗಳ ಬೆನ್ನಿಗೆ
ನಾನೊಂದು ಕಾದಂಬರಿ ಬರೆಯುತ್ತಿದ್ದೇನೆ.
ಈ ಮಾತನ್ನು ಜೋರಾಗಿ ಹೇಳಿದ್ದು ಕಡಿಮೆ.
ಕ್ಯಾಂಟೀನಿನ ಶಿವಣ್ಣೇಗೌಡರಿಗೆ ಒಮ್ಮೆ ಹೇಳಿದೆ.
'ಮುಗೀತಾ?' ಅಂದರು.
ಆಮೇಲೆ ಪ್ರತಿ ಸಂಜೆಯೂ, ಟೀ ಲೋಟದ ಜೊತೆ,
'ಮುಗೀತಾ?'
ಮಗಳಿಗೆ ಜ್ವರ ಬಂದಾಗಲೂ
ಇಷ್ಟು ತಪ್ಪದೆ ಯಾರೂ ವಿಚಾರಿಸಿರಲಿಲ್ಲ.

ಮುಗಿದಿಲ್ಲ.
ಏಳನೇ ಅಧ್ಯಾಯಕ್ಕೆ ಬಂದು ಮೂರು ಹಂಗಾಮು ಕಳೆಯಿತು.
ಒಮ್ಮೆ ನಿದ್ದೆ, ಒಮ್ಮೆ ಸೊಂಟ, ಒಮ್ಮೆ
ಬೆಳಗಿನ ಜಾವ ಓದಿದರೆ ಯಾರೋ ಬರೆದಂತೆ ಕಾಣುವ
ನನ್ನದೇ ಅಕ್ಷರ.
ಕಾಕಂಬಿಯ ವಾಸನೆ ಹಾಳೆಗೂ ಹತ್ತಿದೆ.
ಗೆದ್ದಲು ಮುಟ್ಟದಿರಲೆಂದು ಹೆಂಡತಿ
ಚೀಟಿಗಳನ್ನು ಅಕ್ಕಿ ಡಬ್ಬದಲ್ಲಿ ಇಟ್ಟಿದ್ದಾಳೆ.
'ಅಕ್ಕಿ ಖಾಲಿಯಾದ್ರೂ ಡಬ್ಬ ತುಂಬೇ ಇರ್ತದೆ' ಎನ್ನುತ್ತಾಳೆ.
ಹೊಗಳಿಕೆಯೋ ಅಲ್ಲವೋ, ಕೇಳಲು ಧೈರ್ಯ ಬಂದಿಲ್ಲ.

ಏಳನೇ ಅಧ್ಯಾಯ ದೊಡ್ಡಮ್ಮನದು.
ಪುಟ್ಟಲಿಂಗಮ್ಮನನ್ನು ಸುಗುಣ ಮಾಡಿದ್ದೇನೆ, ಊರನ್ನು
ನಾಲೆಯ ಆಚೆ ದಡಕ್ಕೆ ಸಾಗಿಸಿದ್ದೇನೆ,
ಹಣೆಯ ಮಚ್ಚೆ ಅಳಿಸಿ ಗಲ್ಲಕ್ಕೆ ಇಟ್ಟಿದ್ದೇನೆ.
ಆದರೂ ಅವಳೇ.
ಗಂಡ ಕತ್ತು ಹಿಡಿದು ಹೊಸಿಲಿನಾಚೆ ದಬ್ಬಿದ ಸಂಜೆ
ನಾಲೆ ಏರಿಯ ಮೇಲೆ ಕೂತು ಅವಳು ಅತ್ತದ್ದು
ಹನ್ನೊಂದು ಪುಟ.
ನನ್ನ ಬರವಣಿಗೆಯಲ್ಲೇ ಒಳ್ಳೆಯ ಹನ್ನೊಂದು ಪುಟ.
ನೀರಿನ ಸದ್ದಿಗೆ ಬಿಕ್ಕಳಿಕೆ ಬೆರೆಸಿದ್ದೆ,
ಕೊಕ್ಕರೆಯೊಂದನ್ನು ತಂದು ನಿಲ್ಲಿಸಿದ್ದೆ,
ಬರೆಯುತ್ತ ನಾನೇ ಅತ್ತು
ಒಂದು ಟ್ರ್ಯಾಕ್ಟರಿನ ತೂಕ ತಪ್ಪಿಸಿ ದಂಡ ಕಟ್ಟಿದ್ದೆ.

ಯಾರು ಹೇಳಿದರೋ, ದೊಡ್ಡಮ್ಮ
ಭಾನುವಾರದ ಮೊದಲ ಬಸ್ಸಿಗೆ ಬಂದಳು,
ಕೈಯಲ್ಲಿ ಅವರೆಕಾಯಿ ಚೀಲ.
'ನನ್ ಇಚಾರ ಬರ್ದಿದ್ದೀಯಂತೆ. ಓದ್ಲಾ.'
ಓದು ಬಾರದವಳ ಎದುರು ಓದುವಾಗ
ಪೂರ್ಣವಿರಾಮದ ಹಿಂದೆಯೂ ಅಡಗಲು ಜಾಗವಿಲ್ಲ.
ಅವಳು ಅವರೆ ಸುಲಿಯುತ್ತ ಕೇಳಿದಳು.
ದಬ್ಬಿದ್ದು ಬಂತು, ಸುಲಿಯುತ್ತಲೇ ಇದ್ದಳು.
ಹೊಸಿಲು ಬಂತು, ನಾಲೆ ಬಂತು.
ಅಳು ಬಂದಾಗ ಕೈ ನಿಂತಿತು.

'ಅಳ್ನಿಲ್ಲ ಕಣ್ಲಾ ನಾನು.'

ನಾನು ಹಾಳೆ ನೋಡಿದೆ.

'ಒಂದ್ ಕಾಲಿನ್ ಮೆಟ್ಟು ಒಳಗೇ ಉಳ್ಕಂಡಿತ್ತು. ಹೊಸಾದು.
ಹೆಂಗ್ ಈಸ್ಕಳದು ಅನ್ನದೇ ಯೋಚ್ನೆ.
ಕತ್ಲಾಗಗಂಟ ಕೂತಿದ್ದು ಅದ್ಕೇಯ.
ಕೊಕ್ರೆ ಗಿಕ್ರೆ ಏನೂ ಇರ್ನಿಲ್ಲ.'

'ಸಿಕ್ತಾ?'

'ಎಲ್ ಸಿಕ್ತದೆ.'
ಎರಡು ಕಾಯಿ ಸುಲಿದಳು.
'ಕಾಲಲ್ಲಿದ್ ಒಂದ್ನೂ ನಾಲೆಗೆ ಎಸ್ದೆ.
ಒಂಟಿ ಮೆಟ್ ಮಡೀಕಂಡು ಅವ್ನೇನ್ ಮಾಡಾನು ಅಂತ.'

ಮಾನ ಹೋಯಿತೆಂದು ಬೈಯುತ್ತಾಳೆ, ಹರಿದು ಹಾಕು ಎನ್ನುತ್ತಾಳೆ ಎಂದು
ಉತ್ತರಗಳನ್ನೆಲ್ಲ ಜೋಡಿಸಿಟ್ಟುಕೊಂಡಿದ್ದೆ.
ಹೊರಡುವಾಗ ಬಾಗಿಲಲ್ಲಿ ತಿರುಗಿ ಕೇಳಿದ್ದು ಒಂದೇ:
'ಸುಗುಣ ಯಾರ್ಲಾ?
ನನ್ ಹೆಸ್ರು ಚೆಂದಾಗಿಲ್ವಾ?'

ಮರುದಿನ ಶಿವಣ್ಣೇಗೌಡರಿಗೆ ಹೇಳಿದೆ,
'ಹನ್ನೊಂದು ಪುಟ ಕಮ್ಮಿಯಾಯ್ತು.'
'ಅಂಗಾದ್ರೆ ಹತ್ರ ಬಂತು ಬುಡಿ' ಎಂದು
ಟೀಗೆ ಇನ್ನಷ್ಟು ಸಕ್ಕರೆ ಸುರಿದರು.

ಅಷ್ಟು ಪುಟವೂ ಖಾಲಿ ಗಾಡಿಯದೇ ತೂಕ.
ಚಕ್ರ, ನೊಗ, ಮೂಕಿಯ ತುದಿಯ ಗೆಜ್ಜೆ,
ಎಲ್ಲ ನನ್ನವು.

ರಾತ್ರಿ ಎರಡೂವರೆಗೆ ಹೊಳಲಿನ ಗಾಡಿ ಬಂತು.
ಎತ್ತುಗಳ ಉಸಿರು ಕಿಟಕಿಯ ಗಾಜಿಗೆ.
ಚೀಟಿ ಹರಿದು ಕೊಟ್ಟು, ಇನ್ನೊಂದರ ಬೆನ್ನಿಗೆ ಬರೆದೆ:
ಪುಟ್ಟಲಿಂಗಮ್ಮನ ಮೆಟ್ಟು ಹೊಸದು.

ಪೆನ್ನು ಮುಂದಕ್ಕೆ ಹೋಗಲಿಲ್ಲ.
ಉಳಿದದ್ದು ಎಡಗಾಲಿನದೋ, ಬಲಗಾಲಿನದೋ?
ಕೊಡಿಸಿದ್ದು ಯಾರು?
ಕೇಳಲು ಮರೆತಿದ್ದೆ.

ಭಾನುವಾರಕ್ಕೆ ಇನ್ನೂ ಆರು ರಾತ್ರಿ.